ಶಿರಸಂಗಿ ದೇಸಾಯರ ಉಯಿಲು

ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜಿನ ಮುಂದೆ ದಿನಾ ಓಡಾಡುವವರಿಗೂ ಈ ಲಿಂಗರಾಜ ಯಾರು ಅಂತ ಕೇಳಿದರೆ ಎಷ್ಟೋ ಜನ "ಯಾರೋ ದೇಸಾಯರು" ಅಂತ ಸುಮ್ನಾಗುತ್ತಾರೆ.

ತ್ಯಾಗವೀರ ಅನ್ನೋ ಬಿರುದು ಶಿರಸಂಗಿಯ ಈ ಲಿಂಗರಾಜ ದೇಸಾಯರಿಗೆ ಸುಮ್ನೆ ಬಂದದ್ದಲ್ಲ. 1861ರಲ್ಲಿ ಹುಟ್ಟಿ, ಶಿರಸಂಗಿ ದೇಸಗತಿಗೆ, ಅಂದರೆ ಅಲ್ಲಿನ ದೇಸಾಯರ ಮನೆತನಕ್ಕೆ, ದತ್ತು ಬಂದವರು. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. 1906ರಲ್ಲಿ ತೀರಿಕೊಂಡರು, ಆದರೆ ಅದಕ್ಕೆ ಮೊದಲೇ ತಮ್ಮ ಆಸ್ತಿಯನ್ನು ಲಿಂಗಾಯತ ಸಮಾಜದ ಮಕ್ಕಳ ಓದಿಗೆ ಅಂತ ಉಯಿಲು ಬರೆದಿಟ್ಟಿದ್ದರು. ಮುಂದೆ ನವಲಗುಂದ-ಶಿರಸಂಗಿ ಟ್ರಸ್ಟ್ ಹೆಸರಿನಲ್ಲಿ ವಿದ್ಯಾರ್ಥಿವೇತನ ಸಿಕ್ಕಿದ್ದು ಈ ಆಸ್ತಿಯಿಂದಲೇ.

ಆಗಿನ ಪರಿಸ್ಥಿತಿ ನೋಡಿ. ಈ ಸೀಮೆ ಮುಂಬೈ ಪ್ರಾಂತ್ಯದಲ್ಲಿತ್ತು, ಧಾರವಾಡದ ಕರ್ನಾಟಕ ಕಾಲೇಜು ಶುರುವಾದದ್ದೇ 1917ರಲ್ಲಿ, ಅಂದರೆ ಮೆಟ್ರಿಕ್ ಮುಗಿಸಿದ ಹುಡುಗ ಮುಂದೆ ಓದಬೇಕು ಅಂದರೆ ಪುಣೆಗೋ ಮುಂಬೈಗೋ ಹೋಗಿ, ಅಲ್ಲಿ ರೂಮು, ಊಟ, ಫೀಸು ಎಲ್ಲ ನೋಡಿಕೊಳ್ಳಬೇಕಿತ್ತು. ಒಕ್ಕಲುತನದ ಮನೆಯವರು ಅಷ್ಟು ದುಡ್ಡು ಎಲ್ಲಿಂದ ತರಬೇಕು? ಹೊಲ ಮಾರಬೇಕು, ಇಲ್ಲಾ ಓದು ಬಿಡಬೇಕು.

ಒಂದು ಸಮಾಜಕ್ಕೆ ಮಾತ್ರ ಯಾಕೆ ಅಂತ ಇವತ್ತು ಕೇಳಬಹುದು, ಕೇಳಲೂಬೇಕು. ಆದರೂ ಗುಡಿಗೆ ಗೋಪುರ ಕಟ್ಟಿಸಿದ್ದರೆ ಹೆಸರು ಇನ್ನೂ ಜಾಸ್ತಿ ಬರುತ್ತಿತ್ತು, ಅಲ್ವಾ? ಇವರು ದುಡ್ಡು ಹಾಕಿದ್ದು ತಾವು ಮುಖವನ್ನೂ ನೋಡದ ಹುಡುಗರ ಮೇಲೆ.

ಕೆಎಲ್ಇ (ಕರ್ನಾಟಕ ಲಿಂಗಾಯತ ಎಜುಕೇಶನ್) ಸಂಸ್ಥೆ ಹುಟ್ಟಿದ್ದು 1916ರಲ್ಲಿ. ಅದು 1933ರಲ್ಲಿ ಬೆಳಗಾವಿಯಲ್ಲಿ ಕಾಲೇಜು ತೆರೆದಾಗ ಇಟ್ಟದ್ದು ಇವರದೇ ಹೆಸರು.