ಜೆಟ್ಟಿ ಫಾರ್ಮಿನ ಮೊದಲ ಕಾಲಂ

ನಾನು ಪಣಂಬೂರು ಕಡೆಯ ಒಂದು ಆಯಿಲ್ ಜೆಟ್ಟಿಯಲ್ಲಿ ಶಿಫ್ಟ್ ಇನ್‌ಚಾರ್ಜ್. ಕಳೆದ ಸಲದ ಸುನಾಮಿ ಮಾಕ್ ಡ್ರಿಲ್ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಡ್ರಿಲ್ ಅಂದರೆ ಯಾವಾಗಲೂ ಸುಮಾತ್ರಾದಲ್ಲಿ ಭೂಕಂಪ, ಇಲ್ಲದಿದ್ದರೆ ಪಾಕಿಸ್ತಾನ-ಇರಾನ್ ಕರಾವಳಿಯ ಮಕ್ರಾನ್‌ನಲ್ಲಿ. ಈ ಸಲ ಬೇರೆ ಕೊಡಿ ಅಂತ ಸೇಫ್ಟಿಯವರ ಬೆನ್ನು ಹತ್ತಿದ್ದೆ. ನಾನು ಕೇಳಿದ್ದು ಇದು: ದ್ವೀಪದ ಜ್ವಾಲಾಮುಖಿಯ ಒಂದು ಮಗ್ಗುಲು ಕುಸಿದು ಸಮುದ್ರಕ್ಕೆ ಬಿದ್ದಿದೆ, ಅಲೆ ಹೊರಟಿದೆ, ಭೂಕಂಪ ಆಗಿಲ್ಲ. ಅವರೂ ಒಪ್ಪಿದರು.

ಬರ್ತ್‌ನಲ್ಲಿ ಟ್ಯಾಂಕರ್ ಇದೆ, ಡಿಸ್ಚಾರ್ಜ್, ಅಂದರೆ ಎಣ್ಣೆ ಇಳಿಸುವುದು, ನಡೆಯುತ್ತಿದೆ ಅಂತ ಲೆಕ್ಕ. ಸುನಾಮಿ ಎಚ್ಚರಿಕೆಯ ಬುಲೆಟಿನ್ ಬಂತು. ಕಂಟ್ರೋಲ್ ರೂಮಿನ ಹುಡುಗ ಎಮರ್ಜೆನ್ಸಿ ಫಾರ್ಮ್ ತೆರೆದ. ಮೊದಲ ಕಾಲಂ 'ಭೂಕಂಪದ ತೀವ್ರತೆ', ಪಕ್ಕದಲ್ಲಿ ಕೆಂಪು ಚುಕ್ಕಿ. ಅದನ್ನು ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ಖಾಲಿ ಬಿಟ್ಟು ನೋಡಿದ, ಆಗಲಿಲ್ಲ. ಸೊನ್ನೆ ಹಾಕಿದ. 'ಅಪಾಯ ಇಲ್ಲ' ಅಂತ ಹಸಿರು ಪಟ್ಟಿ ಬಂತು.

"ಸರ್, ಎಷ್ಟು ಹಾಕುದು?"

ಮೇಲಿನವರಿಗೆ ಫೋನ್ ಮಾಡಿದೆ. "ರಿಕ್ಟರ್ ಎಷ್ಟು ಮಾರಾಯ್ರೆ?" ಅಂತ ಅವರೂ ಅದನ್ನೇ ಕೇಳಿದರು.

"ಭೂಕಂಪ ಅಲ್ಲ ಸರ್, ಜ್ವಾಲಾಮುಖಿ."

"ಹಾಗಾದ್ರೆ ಕನ್‌ಫರ್ಮ್ ಆಗುವವರೆಗೆ ಪಂಪ್ ನಿಲ್ಲಿಸ್ಬೇಡಿ. ಡೆಮರೇಜ್ ಯಾರು ಕೊಡುದು?"

ಡೆಮರೇಜ್ ಅಂದರೆ ಹಡಗನ್ನು ತಡೆದು ನಿಲ್ಲಿಸಿದ್ದಕ್ಕೆ ಕಟ್ಟುವ ದುಡ್ಡು. ಪಂಪ್ ನಿಲ್ಲಿಸುವ ಆರ್ಡರ್ ಇರುವುದು ಫಾರ್ಮಿನ ಎರಡನೇ ಪುಟದಲ್ಲಿ. ಹಡಗಿನ ಹಗ್ಗ ಕಟ್ಟಿ ಬಿಚ್ಚುವ ಮೂರಿಂಗ್ ಗ್ಯಾಂಗ್ ಹೆಲ್ಮೆಟ್ ಹಾಕಿಕೊಂಡು ನನ್ನ ಮುಖ ನೋಡುತ್ತಾ ನಿಂತಿತ್ತು. ಹಡಗು ಎಳೆಯುವ ಟಗ್ ದೋಣಿಯವರು ವಿಎಚ್‌ಎಫ್ ರೇಡಿಯೋದಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದರು. ಅಲೆ ಬಂತು ಅಂತ ಸೀಟಿ ಊದಿದಾಗ ಎಣ್ಣೆ ಹರಿಯುವ ಪೈಪಿನ ತೋಳು, ಲೋಡಿಂಗ್ ಆರ್ಮ್, ಇನ್ನೂ ಹಡಗಿಗೆ ಕಚ್ಚಿಕೊಂಡೇ ಇತ್ತು.

ಆಮೇಲೆ ಮೀಟಿಂಗ್‌ನಲ್ಲಿ ಒಬ್ಬರು, "ಇದೆಲ್ಲ ಸುಮ್ನೆ ಹೆದರಿಸುವುದು" ಅಂದರು. 2018ರ ಡಿಸೆಂಬರ್ 22ರ ರಾತ್ರಿ ಇಂಡೋನೇಷ್ಯಾದಲ್ಲಿ ಆದದ್ದು ಇದೇ ಅಲ್ವಾ? ಅನಕ್ ಕ್ರಕಟೌ ಬೆಟ್ಟದ ಮಗ್ಗುಲು ಕುಸಿಯಿತು. ದೊಡ್ಡ ಭೂಕಂಪ ಇಲ್ಲದ್ದರಿಂದ ಎಚ್ಚರಿಕೆ ಹೋಗಲೇ ಇಲ್ಲ. 400ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಬೆಟ್ಟ ಕಾಯುವ ಇಲಾಖೆ ಬೇರೆ, ಸುನಾಮಿ ಹೇಳುವ ಇಲಾಖೆ ಬೇರೆ.

ನಮ್ಮಂಥ ಜೆಟ್ಟಿಯವರು ಮರೆಯಬಾರದ್ದು ಪೆಸಿಫಿಕ್ ಸಾಗರದ ದ್ವೀಪ ದೇಶ ಟೊಂಗಾ. 2022ರ ಜನವರಿ 15ರಂದು ಸಮುದ್ರದಡಿಯ ಹುಂಗಾ ಜ್ವಾಲಾಮುಖಿ ಸಿಡಿದು ಬೂದಿಯ ಕಂಬ 57 ಕಿಲೋಮೀಟರ್ ಮೇಲಕ್ಕೆ ಹೋಯಿತು. ಸಮುದ್ರದಡಿಯ ಕೇಬಲ್ ತುಂಡಾಗಿ ದೇಶವೇ ಹೊರಗಿನ ಸಂಪರ್ಕ ಕಳೆದುಕೊಂಡಿತು. ಸ್ಫೋಟದ ಗಾಳಿಯ ಒತ್ತಡ ಭೂಮಿಯನ್ನು ಸುತ್ತಿತು, ಹೋದಲ್ಲೆಲ್ಲ ನೀರನ್ನು ಅಲುಗಿಸಿತು. ಹತ್ತು ಸಾವಿರ ಕಿಲೋಮೀಟರ್ ಆಚೆಯ ಪೆರುವಿನಲ್ಲಿ ಸುನಾಮಿ ಎಚ್ಚರಿಕೆ ಇರಲಿಲ್ಲ. ಅಲ್ಲಿನ ಬೀಚಿನಲ್ಲಿ ಇಬ್ಬರು ಹೆಂಗಸರು ಮುಳುಗಿ ಸತ್ತರು. ಲಾ ಪಂಪಿಯಾ ರಿಫೈನರಿಯಲ್ಲಿ ಅದೇ ಹೊತ್ತಿಗೆ ಟ್ಯಾಂಕರ್ ಕಚ್ಚಾ ಎಣ್ಣೆ ಇಳಿಸುತ್ತಿತ್ತು. ಸುಮಾರು 12,000 ಬ್ಯಾರೆಲ್ ಸಮುದ್ರಕ್ಕೆ ಚೆಲ್ಲಿತು. ತಪ್ಪು ಯಾರದ್ದು ಅನ್ನುವ ಜಗಳ ಆಮೇಲಿನದ್ದು. ಹಡಗು, ಪೈಪು, ಎಣ್ಣೆ, ನಾವು ದಿನಾ ಮಾಡುವ ಕೆಲಸವೇ ಅದು.

ಅರಬ್ಬಿ ಸಮುದ್ರಕ್ಕೆ ಎಲ್ಲಿಂದ ಬರಬೇಕು ಅನ್ನುವವರಿದ್ದಾರೆ. 2004ರ ಅಲೆ ಶ್ರೀಲಂಕಾವನ್ನು ಬಳಸಿಕೊಂಡು ಬಂದು ಕೇರಳದ ಕೊಲ್ಲಂ ಕಡೆ ಜನರನ್ನು ಕೊಂದಿತ್ತು. ಅಂಡಮಾನ್‌ನ ಬ್ಯಾರನ್ ದ್ವೀಪದ ಜ್ವಾಲಾಮುಖಿ 1991ರಲ್ಲಿ ಮತ್ತೆ ಎದ್ದದ್ದು ಇನ್ನೂ ಪೂರ್ತಿ ಮಲಗಿಲ್ಲ. ಆಫ್ರಿಕಾ ಬದಿಯಲ್ಲಿ ಮಯೋಟ್ ದ್ವೀಪದ ಹತ್ತಿರ ಸಮುದ್ರದ ತಳದಲ್ಲಿ ಸುಮಾರು 800 ಮೀಟರ್ ಎತ್ತರದ ಹೊಸ ಜ್ವಾಲಾಮುಖಿಯೇ ಎದ್ದಿದೆ. ಫ್ರಾನ್ಸಿನ ಹಡಗು 2019ರಲ್ಲಿ ಹೋಗಿ ನೋಡಿದ ಮೇಲೆ ಗೊತ್ತಾಯಿತು. ಇಂಥದ್ದನ್ನು ಒಂದು ದೇಶ ಒಂಟಿಯಾಗಿ ಕಾಯಲು ಸಾಧ್ಯವೇ ಇಲ್ಲ.

ಹಾಗಾಗಿ ಮಾಹಿತಿ ಹಂಚಿಕೊಳ್ಳುತ್ತಾರೆ. ನಮ್ಮ ಸುನಾಮಿ ಎಚ್ಚರಿಕೆ ಕೇಂದ್ರವಾದ ಹೈದರಾಬಾದ್‌ನ ಇನ್‌ಕಾಯಿಸ್, ಇಂಡೋನೇಷ್ಯಾ, ಆಸ್ಟ್ರೇಲಿಯಾ ಮೂರೂ ಹಿಂದೂ ಮಹಾಸಾಗರದ ದೇಶಗಳಿಗೆಲ್ಲ ಬುಲೆಟಿನ್ ಕಳಿಸುತ್ತವೆ. ಒಂದು ದೇಶದ ಟೈಡ್ ಗೇಜ್, ಅಂದರೆ ಸಮುದ್ರದ ಮಟ್ಟ ಅಳೆಯುವ ಯಂತ್ರ, ಇನ್ನೊಂದು ದೇಶದ ಪರದೆಯಲ್ಲಿ ಕಾಣುತ್ತದೆ. ಟೊಂಗಾ ಆದ ಮೇಲೆ ಯುನೆಸ್ಕೋದ ಸಾಗರ ಆಯೋಗದ ಕೆಳಗೆ ಜ್ವಾಲಾಮುಖಿ ಸುನಾಮಿಗಂತಲೇ ತಜ್ಞರು ಕೂತು ಕೆಲಸ ಮಾಡಿದ್ದಾರೆ. ಬೆಟ್ಟ ನೋಡುವವರು ಸುನಾಮಿ ಕೇಂದ್ರದವರೊಂದಿಗೆ ನೇರವಾಗಿ ಮಾತಾಡುತ್ತಿರಬೇಕು, ಸಮುದ್ರದ ನೀರು ಏರುವುದನ್ನೇ ಸಾಕ್ಷಿಯಾಗಿ ಹಿಡಿಯಬೇಕು ಅನ್ನುವುದು ಈ ಎರಡು ದುರಂತಗಳಿಂದ ಬಂದ ಬುದ್ಧಿ. ಇಷ್ಟೆಲ್ಲ ದೇಶಗಳು ದಾಟಿಸಿ ತಂದ ಮಾತು ನಮ್ಮ ಕಂಟ್ರೋಲ್ ರೂಮಿನ ಒಂದು ಕಾಲಂನಲ್ಲಿ ಸಿಕ್ಕಿಹಾಕಿಕೊಂಡರೆ ನನಗೆ ನಿದ್ದೆ ಹೇಗೆ ಬರಬೇಕು?

ಆ ಕೆಂಪು ಚುಕ್ಕಿ ತೆಗೆಯಲು ವೆಂಡರ್ ದುಡ್ಡು ಕೇಳಿದ್ದಾನೆ, ಫೈಲ್ ಫೈನಾನ್ಸ್‌ನಲ್ಲಿದೆ. ಬದಲಾಗುವವರೆಗೆ ನನ್ನ ಶಿಫ್ಟ್‌ನವರಿಗೆ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಬುಲೆಟಿನ್‌ನಲ್ಲಿ ನಮ್ಮ ಕರಾವಳಿಯ ಹೆಸರು ಕಂಡರೆ ಮೊದಲು ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ, ಆರ್ಮ್ ಬಿಡಿಸಿ. ಹೊತ್ತು ಇದ್ದರೆ ಹಡಗನ್ನು ಆಳ ಸಮುದ್ರದ ಕಡೆಗೆ ಕಳಿಸಿ. ಫಾರ್ಮ್ ಆಮೇಲೆ ತುಂಬಬಹುದು. ಡೆಮರೇಜ್ ಬಗ್ಗೆ ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ.