ಕೈಯಿಂದ ಮಾಡುವ ಶುಭಾಶಯ ಪತ್ರ: ಶಾಯಿಯಿಂದ ಆರಂಭಿಸೋಣ

ಶುಭಾಶಯ ಪತ್ರಗಳನ್ನು ಕೈಯಿಂದ ತಯಾರಿಸುವ ಹವ್ಯಾಸಿಗಳು ಸೇರಿದಾಗ ಮೊದಲು ಬರುವುದು ಶಾಯಿ ಹಚ್ಚಿ ಚಿತ್ರ ಒತ್ತುವ ಸ್ಟ್ಯಾಂಪುಗಳ ಮಾತು, ಅನಂತರ ಕಾಗದವನ್ನು ಬೇಕಾದ ಆಕಾರಕ್ಕೆ ಕತ್ತರಿಸುವ ಡೈಗಳ ಮಾತು. ಶಾಯಿಯ ವಿಷಯ ಕಡೆಯಲ್ಲಿ ಬರುತ್ತದೆ, ಅದೂ ಯಾವ ಬಣ್ಣ ಎಂಬುದರ ಮಟ್ಟಿಗೆ ಮಾತ್ರ. ಬಹುಕಾಲದಿಂದ ಈ ಕೆಲಸದಲ್ಲಿ ತೊಡಗಿರುವ ನನಗೆ ಈ ಕ್ರಮವನ್ನೇ ಬದಲಿಸಬೇಕು ಎನಿಸುತ್ತದೆ. ಶಾಯಿ ಕಾಗದದ ಮೇಲೆ ಎಷ್ಟು ಹೊತ್ತು ಹಸಿಯಾಗಿರುತ್ತದೆ, ಒಣಗಿದ ಮೇಲೆ ನೀರು ತಗುಲಿದರೆ ಏನಾಗುತ್ತದೆ, ಆಲ್ಕೋಹಾಲ್ ತಗುಲಿದರೆ ಏನಾಗುತ್ತದೆ ಎಂಬುದನ್ನು ತಿಳಿದವರಿಗೆ ಒಂದೆರಡು ಸಾಧಾರಣ ಸ್ಟ್ಯಾಂಪುಗಳಿಂದಲೂ ಸೊಗಸಾದ ಕಾರ್ಡು ಮಾಡಲು ಸಾಧ್ಯ. ಅದನ್ನು ತಿಳಿಯದಿದ್ದರೆ ಪೆಟ್ಟಿಗೆ ತುಂಬ ಸ್ಟ್ಯಾಂಪುಗಳಿದ್ದರೂ ರೇಖೆಗಳು ಕದಡುತ್ತಲೇ ಇರುತ್ತವೆ.

ಇಂಕ್ ಪ್ಯಾಡುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಶಾಯಿಗಳಿವೆ. ಡೈ ಇಂಕ್‌ನಲ್ಲಿ ಬಣ್ಣವು ದ್ರವದಲ್ಲಿ ಪೂರ್ತಿಯಾಗಿ ಕರಗಿರುತ್ತದೆ (ಈ ಡೈ ಕತ್ತರಿಸುವ ಡೈಯಲ್ಲ, ಕರಗುವ ಬಣ್ಣ). ಅಚ್ಚೊತ್ತಿದ ಕೂಡಲೇ ಅದು ಕಾಗದದ ನಾರಿನೊಳಗೆ ಇಳಿದು ಬೇಗ ಒಣಗುತ್ತದೆ. ಅದು ಪಾರದರ್ಶಕವಾದ್ದರಿಂದ ಒಂದರ ಮೇಲೊಂದು ಒತ್ತಿದ ಎರಡು ಬಣ್ಣಗಳು ಕೂಡಿ ಮೂರನೆಯದೊಂದು ಛಾಯೆ ಹುಟ್ಟುತ್ತದೆ, ಆದರೆ ಕಪ್ಪು ಕಾಗದದ ಮೇಲೆ ಅದು ಕಾಣುವುದೇ ಇಲ್ಲ. ಪಿಗ್ಮೆಂಟ್ ಇಂಕ್‌ನಲ್ಲಿ ಬಣ್ಣದ ಸೂಕ್ಷ್ಮ ಕಣಗಳು ಕರಗದೆ ದ್ರವದಲ್ಲಿ ತೇಲುತ್ತಿರುತ್ತವೆ. ಅವು ಕಾಗದದ ಮೇಲ್ಮೈಯಲ್ಲಿ ಕುಳಿತುಕೊಳ್ಳುವುದರಿಂದ ಬಣ್ಣ ಗಾಢವಾಗಿ ಮೂಡುತ್ತದೆ, ಬೆಳಕಿಗೆ ಅಷ್ಟು ಬೇಗ ಮಾಸುವುದಿಲ್ಲ, ಗಾಢ ಬಣ್ಣದ ಕಾಗದದ ಮೇಲೆ ಬಿಳಿಯ ಅಚ್ಚನ್ನು ಮೂಡಿಸಲು ಸಾಧ್ಯವಾಗುವುದೂ ಇದರಿಂದಲೇ. ಒಣಗುವುದು ಮಾತ್ರ ನಿಧಾನ. ನುಣುಪು ಲೇಪನವಿರುವ ಕಾಗದದ ಮೇಲೆ ಬಿಸಿ ಕೊಡದಿದ್ದರೆ ಅದು ಬಹಳ ಹೊತ್ತು ಕೈಗೆ ಅಂಟುತ್ತಲೇ ಇರುತ್ತದೆ.

ಚಿತ್ರಕ್ಕೆ ಯಾವುದರಿಂದ ಬಣ್ಣ ತುಂಬುತ್ತೇವೆ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ರೇಖೆಯ ಶಾಯಿಯನ್ನು ಆರಿಸಬೇಕು. 1987ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಕೋಪಿಕ್‌ನಂಥ ಮಾರ್ಕರ್‌ಗಳಲ್ಲಿ ಬಣ್ಣವಿರುವುದು ಆಲ್ಕೋಹಾಲಿನಲ್ಲಿ. ಪ್ಲಾಸ್ಟಿಕ್, ಗಾಜು, ಲೋಹಗಳ ಮೇಲೂ ಹಿಡಿಯುವ ಸಾಲ್ವೆಂಟ್ ಶಾಯಿಯಿಂದ ಅಚ್ಚೊತ್ತಿ, ಅದರ ಮೇಲೆ ಇಂಥ ಮಾರ್ಕರ್ ಆಡಿಸಿದರೆ ಕಪ್ಪು ರೇಖೆ ಕರಗಿ ಬಣ್ಣದೊಳಗೆ ಹರಿದುಬಿಡುತ್ತದೆ. ಮಾರ್ಕರ್‌ಗೆ ಹೊಂದುವಂತೆ ತಯಾರಿಸಿದ, ನೀರನ್ನು ಆಧರಿಸಿದ ಡೈ ಇಂಕ್ ಇಲ್ಲಿ ಸರಿಯಾದ ಆಯ್ಕೆ. ಜಲವರ್ಣ ಬಳಸುವಾಗ ಮಾತು ತಿರುಗುಮುರುಗಾಗುತ್ತದೆ: ಆ ಡೈ ಇಂಕ್ ಒದ್ದೆ ಕುಂಚಕ್ಕೆ ಕದಡಬಹುದು, ಅಲ್ಲಿ ಒಣಗಿದ ಮೇಲೆ ನೀರಿಗೆ ಜಗ್ಗದ ಆರ್ಕೈವಲ್ ಬಗೆಯ ಶಾಯಿ ಬೇಕು. ಬಣ್ಣದ ಪೆನ್ಸಿಲ್ಲಿಗೆ ಈ ಯಾವ ತೊಡಕೂ ಇಲ್ಲವಾದ್ದರಿಂದ ಹೊಸಬರಿಗೆ ನಾನು ಅದನ್ನೇ ಹೇಳುತ್ತೇನೆ.

ಅಂದಹಾಗೆ, ಅಚ್ಚಾದ ರೇಖೆಗೆ ಕೈಯಿಂದ ಬಣ್ಣ ತುಂಬುವ ಈ ಪದ್ಧತಿ ಶುಭಾಶಯ ಪತ್ರದ ಚರಿತ್ರೆಯಷ್ಟೇ ಹಳೆಯದು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅವರು ಚಿತ್ರಕಾರ ಜಾನ್ ಕಾಲ್ಕಾಟ್ ಹಾರ್ಸ್ಲಿ ಅವರಿಂದ ಬರೆಸಿ ಮಾರಾಟಕ್ಕೆ ತಂದ, ಮೊತ್ತಮೊದಲ ವಾಣಿಜ್ಯ ಕ್ರಿಸ್‌ಮಸ್ ಕಾರ್ಡು ಎಂದು ಹೆಸರಾದ ಆ ಪತ್ರದ ಸುಮಾರು 1000 ಪ್ರತಿಗಳು ಕಲ್ಲಚ್ಚಿನಲ್ಲಿ ಮುದ್ರಣವಾಗಿ, ಅನಂತರ ಕೈಯಿಂದಲೇ ಬಣ್ಣ ಪಡೆದವು.

ಶಾಯಿಯ ಹಸಿತನವನ್ನೇ ಬಂಡವಾಳ ಮಾಡಿಕೊಂಡ ವಿಧಾನವೆಂದರೆ ಹೀಟ್ ಎಂಬಾಸಿಂಗ್. ಈ ಇಡೀ ಹವ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದೇ. ಬಹಳ ಹೊತ್ತು ಜಿಗುಟಾಗಿರುವ ಪಾರದರ್ಶಕ ಎಂಬಾಸಿಂಗ್ ಶಾಯಿಯಿಂದ ಅಚ್ಚೊತ್ತಿ, ಅದರ ಮೇಲೆ ಎಂಬಾಸಿಂಗ್ ಪೌಡರ್ ಸುರಿದು, ಹೆಚ್ಚಾದದ್ದನ್ನು ತಟ್ಟಿ ಕೆಡವಿ, ಬಿಸಿಗಾಳಿ ಊದುವ ಹೀಟ್ ಗನ್ನಿನ ಬಿಸಿಗೆ ಹಿಡಿದರೆ, ಪುಡಿಯಲ್ಲಿರುವ ರಾಳದ ಕಣಗಳು ಕರಗಿ ಒಂದಕ್ಕೊಂದು ಬೆಸೆದು, ಬೆರಳಿಗೆ ಉಬ್ಬು ತಿಳಿಯುವಂಥ ಹೊಳೆಯುವ ರೇಖೆಯಾಗುತ್ತವೆ. ಅಚ್ಚೊತ್ತುವ ಮೊದಲು ಕಾಗದವನ್ನು ಸ್ಥಿರ ವಿದ್ಯುತ್ ತೆಗೆಯುವ ಪುಡಿಚೀಲದಿಂದ ಒರೆಸಲೇಬೇಕು, ಏಕೆಂದರೆ ಕೈಯ ಜಿಡ್ಡು ಮತ್ತು ಕಾಗದದ ಸ್ಥಿರ ವಿದ್ಯುತ್ತು ಎರಡೂ ಬೇಡವಾದ ಕಡೆ ಪುಡಿಯನ್ನು ಹಿಡಿದಿಟ್ಟುಕೊಳ್ಳುತ್ತವೆ, ಹಾಗೆ ನಿಂತ ಒಂದೊಂದು ಕಣವೂ ಕರಗಿದ ಮೇಲೆ ಅಳಿಸಲಾಗದ ಚುಕ್ಕೆಯಾಗುತ್ತದೆ. ಸಣ್ಣ ಅಕ್ಷರಗಳಿಗೆ ನಯವಾದ ಪುಡಿಯನ್ನೇ ಬಳಸಬೇಕು. ದಪ್ಪ ಕಣದ ಪುಡಿಯಲ್ಲಿ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಕೂದಲು ಒಣಗಿಸುವ ಡ್ರೈಯರ್ ಇಲ್ಲಿ ಕೆಲಸಕ್ಕೆ ಬಾರದು, ಅದರ ಗಾಳಿಯ ರಭಸ ಹೆಚ್ಚು ಮತ್ತು ಬಿಸಿ ಕಡಿಮೆ, ಹಾಗಾಗಿ ಪುಡಿ ಕರಗುವ ಮೊದಲೇ ಹಾರಿಹೋಗುತ್ತದೆ. ಹೀಟ್ ಗನ್ನನ್ನು ಮೊದಲು ಬದಿಗೆ ತಿರುಗಿಸಿ ಚೆನ್ನಾಗಿ ಕಾಯಿಸಿಕೊಂಡು ಆಮೇಲೆ ಕಾಗದದತ್ತ ತರಬೇಕು. ಮಂಕಾಗಿದ್ದ ಪುಡಿ ತಟ್ಟನೆ ಹೊಳಪಿಗೆ ತಿರುಗುವ ಗಳಿಗೆಯನ್ನು ನೋಡುತ್ತಿದ್ದು, ಆ ಹೊಳಪು ಸರಿಯುತ್ತಿದ್ದಂತೆ ಗನ್ನನ್ನೂ ಮುಂದಕ್ಕೆ ಸರಿಸಬೇಕು. ಒಂದೇ ಕಡೆ ಹೆಚ್ಚು ಹೊತ್ತು ನಿಲ್ಲಿಸಿದರೆ ಕರಗಿದ ಪುಡಿ ಕಾಗದದೊಳಗೆ ಇಂಗಿ, ಉಬ್ಬು ಇಳಿದು, ಎಣ್ಣೆ ಬಿದ್ದಂಥ ಕಲೆಯಷ್ಟೇ ಉಳಿಯುತ್ತದೆ.

ಇದೇ ವಿಧಾನದ ಮುಂದುವರಿಕೆ ಎಂಬಾಸ್ ರೆಸಿಸ್ಟ್. ಬಿಳಿಯ ಕಾಗದದ ಮೇಲೆ ಬಣ್ಣವಿಲ್ಲದ ಪುಡಿಯಿಂದ ಚಿತ್ರವನ್ನು ಉಬ್ಬಿಸಿ, ಆ ಕಾಗದದ ಮೇಲೆಲ್ಲ ಡೈ ಇಂಕ್ ತೀಡಿದರೆ, ಉಬ್ಬಿದ ರೇಖೆ ಶಾಯಿಯನ್ನು ಒಳಗೆ ಬಿಡುವುದಿಲ್ಲ. ಬಳಿಕ ಮೃದುವಾದ ಬಟ್ಟೆಯಿಂದ ರೇಖೆಯ ಮೇಲೆ ಉಳಿದ ಶಾಯಿಯನ್ನು ಒರೆಸಿದರೆ ಬಣ್ಣದ ನಡುವಿನಿಂದ ಬಿಳಿಯ ಎಲೆ, ಬಿಳಿಯ ಅಕ್ಷರ ಎದ್ದು ಬರುತ್ತದೆ. ಇಲ್ಲಿ ಪಿಗ್ಮೆಂಟ್ ಶಾಯಿ ಬಳಸಿದರೆ ಒರೆಸುವಾಗ ಹಿನ್ನೆಲೆಯೂ ಕದಡುವ ಸಂಭವವಿದೆ.

ಹಿನ್ನೆಲೆಗೆ ಬಣ್ಣ ತೀಡುವ ಇಂಕ್ ಬ್ಲೆಂಡಿಂಗ್‌ನಲ್ಲಿ ಅವಸರ ಸಲ್ಲದು. ಶಾಯಿ ಹಿಡಿದ ಬ್ರಷ್ಷನ್ನು ಮೊದಲೇ ಕಾಗದದ ಮೇಲಿಟ್ಟರೆ ಅಲ್ಲೊಂದು ಗಾಢ ಮುದ್ರೆ ಬೀಳುತ್ತದೆ, ಆಮೇಲೆ ಎಷ್ಟು ತೀಡಿದರೂ ಅದು ಮರೆಯಾಗುವುದಿಲ್ಲ. ಕಾಗದದ ಹೊರಗಿನ ಮ್ಯಾಟಿನ ಮೇಲೆ ಸುತ್ತುಸುತ್ತಾಗಿ ಆಡಿಸುತ್ತ, ಹಗುರವಾಗಿ ಕಾಗದದ ಅಂಚಿನಿಂದ ಒಳಗೆ ಬರಬೇಕು. ತಿಳಿಬಣ್ಣದಿಂದ ಆರಂಭಿಸಿ ಗಾಢ ಬಣ್ಣಕ್ಕೆ ಹೋಗಿ, ಎರಡೂ ಕೂಡುವಲ್ಲಿ ಮತ್ತೆ ತಿಳಿಬಣ್ಣದ ಬ್ರಷ್ಷನ್ನು ಆಡಿಸಿದರೆ ನಡುವಿನ ಗೆರೆ ಕರಗುತ್ತದೆ. ನೀಲಿಯಿಂದ ಕಿತ್ತಳೆಗೆ ನೇರವಾಗಿ ಹೋದರೆ ನಡುವೆ ಕೆಸರು ಬಣ್ಣ ಬರುತ್ತದೆ. ನಡುವೆ ಗುಲಾಬಿಯನ್ನು ತಂದರೆ ಸಂಜೆಯ ಆಕಾಶವೇ ಮೂಡುತ್ತದೆ. ನೀರಿಗೆ ಸ್ಪಂದಿಸುವ ಡಿಸ್ಟ್ರೆಸ್ ಶಾಯಿಗಳ ಮೇಲೆ ನೀರಿನ ಹನಿ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಒತ್ತಿ ತೆಗೆದರೆ ಹನಿ ಬಿದ್ದ ಕಡೆ ಬಣ್ಣ ತಿಳಿಯಾಗುತ್ತದೆ. ಡೈ ಮತ್ತು ಪಿಗ್ಮೆಂಟ್ ಎರಡೂ ಬೆರೆತ ಡಿಸ್ಟ್ರೆಸ್ ಆಕ್ಸೈಡ್‌ನಲ್ಲಿ ಅದೇ ಹನಿ ಮಬ್ಬಾದ, ಸುಣ್ಣದ ಛಾಯೆಯ ಗುರುತನ್ನು ಬಿಡುತ್ತದೆ. ಹನಿಗಳು ಎಲ್ಲೆಲ್ಲಿ ಬೀಳುತ್ತವೆ ಎಂಬುದು ನಮ್ಮ ಕೈಯಲ್ಲಿಲ್ಲವಾದ್ದರಿಂದ ಒಂದರಂತೆ ಇನ್ನೊಂದು ಕಾರ್ಡು ಬರುವುದಿಲ್ಲ, ನನಗೆ ಅದೇ ಇಷ್ಟ.

ಸ್ಟ್ಯಾಂಪುಗಳ ವಿಷಯದಲ್ಲಿ ರಬ್ಬರೋ ಫೋಟೋಪಾಲಿಮರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕೋ ಎಂಬ ಚರ್ಚೆ ಮುಗಿಯುವುದಿಲ್ಲ. ಆಳವಾಗಿ ಕೆತ್ತಿದ ಕೆಂಪು ರಬ್ಬರ್ ಸೂಕ್ಷ್ಮ ರೇಖೆಗಳನ್ನು ಚೆನ್ನಾಗಿ ಮೂಡಿಸುತ್ತದೆ, ಎಲ್ಲ ಬಗೆಯ ಶಾಯಿಗೂ ಒಗ್ಗುತ್ತದೆ. ಫೋಟೋಪಾಲಿಮರ್ ಸ್ಟ್ಯಾಂಪು ಕೈಯಲ್ಲಿ ಹಿಡಿಯುವ ಪಾರದರ್ಶಕ ಅಕ್ರಿಲಿಕ್ ಬ್ಲಾಕಿಗೆ ತಾನೇ ಅಂಟಿಕೊಳ್ಳುತ್ತದೆ, ಅದರ ಮೂಲಕ ಕೆಳಗಿನ ಕಾಗದ ಕಾಣುವುದರಿಂದ ಎಲ್ಲಿ ಒತ್ತುತ್ತಿದ್ದೇವೆಂದು ಗೊತ್ತಾಗುತ್ತದೆ. ಆದರೆ ಸಾಲ್ವೆಂಟ್ ಶಾಯಿ ಮತ್ತು ಅದನ್ನು ತೆಗೆಯುವ ದ್ರವ ಅದಕ್ಕೆ ಹಾನಿ ಮಾಡಬಹುದು, ಬಿಸಿಲಿನಲ್ಲಿಟ್ಟರೆ ಹಳದಿಯಾಗುತ್ತದೆ. ಹೊಸ ಫೋಟೋಪಾಲಿಮರ್ ಸ್ಟ್ಯಾಂಪಿನ ಮೇಲೆ ಶಾಯಿ ಹನಿಹನಿಯಾಗಿ ನಿಂತರೆ ಅದರ ಮುಖವನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿದರೆ ಸಾಕು. ದೊಡ್ಡ, ತುಂಬಿದ ಚಿತ್ರಗಳಿಗೆ ಸ್ಟ್ಯಾಂಪ್ ಪೊಸಿಷನರ್ ಎಂಬ ಸಲಕರಣೆ ನಿಜಕ್ಕೂ ಉಪಕಾರಿ: ಕಾಗದ ಒಂದೆಡೆ, ಸ್ಟ್ಯಾಂಪು ಮುಚ್ಚಳದಲ್ಲಿ ಸ್ಥಿರವಾಗಿರುವುದರಿಂದ, ಅಚ್ಚು ಅರೆಬರೆಯಾಗಿ ಮೂಡಿದರೆ ಅದೇ ಜಾಗಕ್ಕೆ ಮತ್ತೆ ಶಾಯಿ ಹಚ್ಚಿ ಒತ್ತಬಹುದು.

ಡೈಗಳ ಕೆಲಸದಲ್ಲೂ ಶಾಯಿಯ ಹಸಿತನ ಲೆಕ್ಕಕ್ಕೆ ಬರುತ್ತದೆ. ತೆಳುವಾದ ಉಕ್ಕಿನ ಡೈಯನ್ನು ಅಲಗಿನ ಕಡೆ ಕಾಗದಕ್ಕೆ ತಾಗುವಂತೆ ಇಟ್ಟು, ಮೇಲೆ ಕೆಳಗೆ ಪ್ಲೇಟುಗಳನ್ನು ಜೋಡಿಸಿ ಯಂತ್ರದ ಉರುಳೆಗಳ ನಡುವೆ ಹಾಯಿಸಿದಾಗ ಆ ಒತ್ತಡದಲ್ಲಿ ಕಾಗದ ಕತ್ತರಿಸುತ್ತದೆ. ಬಣ್ಣ ತೀಡಿದ ಕಾಗದದಲ್ಲಿ ತೇವ ಉಳಿದಿದ್ದರೆ ಅಂಚು ಚಿಂದಿಯಾಗುತ್ತದೆ, ಒಣಗದ ಪಿಗ್ಮೆಂಟ್ ಪ್ಲೇಟಿಗೆ ಹತ್ತಿ ಮುಂದಿನ ಕಾಗದವನ್ನೂ ಕೆಡಿಸುತ್ತದೆ. ಸಂಕೀರ್ಣ ವಿನ್ಯಾಸದ ಡೈಯಾದರೆ ಕಾಗದ ಮತ್ತು ಡೈ ನಡುವೆ ಮೇಣದ ಕಾಗದದ ಒಂದು ಹಾಳೆಯಿಟ್ಟರೆ ಕತ್ತರಿಸಿದ ಚೂರು ಸಲೀಸಾಗಿ ಬಿಟ್ಟು ಬರುತ್ತದೆ. ಪ್ಲೇಟುಗಳು ಬಳಸುತ್ತ ಬಾಗುತ್ತವೆ, ಆಗಾಗ ಮಗುಚಿ ಹಾಕಬೇಕು.

ಇನ್ನು ಕಾರ್ಡಿನ ಬುಡ. ಚದರ ಮೀಟರಿಗೆ ಸುಮಾರು 300 ಗ್ರಾಂ, ಅಂದರೆ 300 ಜಿಎಸ್‌ಎಂ ತೂಕದ ಕಾರ್ಡ್‌ಸ್ಟಾಕ್ ನೆಟ್ಟಗೆ ನಿಲ್ಲುತ್ತದೆ. ಎ4 ಹಾಳೆಯನ್ನು ಎರಡಾಗಿ ಕತ್ತರಿಸಿ, ಒಂದೊಂದನ್ನು ನಡುವೆ ಮಡಿಸಿದರೆ 105 × 148 ಮಿ.ಮೀ. ಅಳತೆಯ ಎ6 ಕಾರ್ಡು ಸಿಗುತ್ತದೆ, ಅದಕ್ಕೆ ಸಿ6 ಲಕೋಟೆ ಹೊಂದುತ್ತದೆ. ಮಡಿಸುವ ಮೊದಲು ಬೋನ್ ಫೋಲ್ಡರ್ ಎಂಬ ಮೊಂಡು ಅಂಚಿನ ಸಲಕರಣೆಯಿಂದ ಗೀರು ಎಳೆದು, ಗೀರಿನ ಹಿಂಬದಿಯಲ್ಲಿ ಎದ್ದ ಉಬ್ಬು ಮಡಿಕೆಯ ಒಳಗೆ ಬರುವಂತೆ ಮಡಿಸಬೇಕು. ಕಾಗದದ ನಾರು ಮಡಿಕೆಯ ಗುಂಟ ಸಾಗುವಂತಿದ್ದರೆ ಅಂಚು ಬಿರಿಯುವುದಿಲ್ಲ. ಬುಡ ಗಾಢ ಬಣ್ಣದ್ದಾದರೆ ಒಳಗೆ ಬರೆಯಲು ತೆಳುವಾದ ಬಿಳಿ ಹಾಳೆಯೊಂದನ್ನು ಅಂಟಿಸುತ್ತೇನೆ. ಸ್ಪಂಜಿನಂಥ ದಪ್ಪ ಫೋಮ್ ಟೇಪಿನ ಮೇಲೆ ಎತ್ತರಿಸಿದ ಪದರಗಳು ಕೈಯಲ್ಲಿ ಹಿಡಿದಾಗ ಚೆನ್ನ, ಆದರೆ ಅಂಚೆಯಲ್ಲಿ ಲಕೋಟೆ ಉಬ್ಬಿ, ಒತ್ತಡಕ್ಕೆ ಸಿಕ್ಕಿ ಮೂಲೆಗಳು ಜಜ್ಜಿಹೋಗುವುದುಂಟು. ಹಾಗಾಗಿ ದೂರ ಹೋಗುವ ಕಾರ್ಡುಗಳಲ್ಲಿ ನಾನು ಫೋಮ್ ಬಿಟ್ಟು, ಒಂದೇ ಆಕಾರವನ್ನು ಅದೇ ಡೈಯಿಂದ ಎರಡು ಮೂರು ಬಾರಿ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಕಾಗದದಿಂದಲೇ ಅಷ್ಟು ಎತ್ತರವನ್ನು ತರುತ್ತೇನೆ.