ಧರಣಿ ಕೂತರೆ ಯುದ್ಧ ನಿಲ್ಲುತ್ತಾ?

ಅಹಿಂಸೆಯ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: "ಬ್ರಿಟಿಷರ ಕಾಲ ಬೇರೆ. ಒಂದೇ ದೇಶದವರು ಬಂದೂಕು ಹಿಡಿದು ಹೊಡೆದಾಡುವಾಗ ಧರಣಿ ಕೂತರೆ ಏನು ಬಂತು?" ನಾನು ಲೈಬೀರಿಯಾದ ಹೆಂಗಸರ ಬಗ್ಗೆ ಹೇಳುತ್ತೇನೆ.

ಪಶ್ಚಿಮ ಆಫ್ರಿಕಾದ ಈ ಪುಟ್ಟ ದೇಶದಲ್ಲಿ 1989ರಿಂದ 2003ರವರೆಗೆ ಎರಡು ಅಂತರ್ಯುದ್ಧಗಳಾದವು. ಸತ್ತವರು ಸುಮಾರು ಎರಡೂವರೆ ಲಕ್ಷ ಎಂಬ ಅಂದಾಜಿದೆ. ಮಕ್ಕಳ ಕೈಗೂ ಬಂದೂಕು ಕೊಟ್ಟಿದ್ದರು. 2003ರಲ್ಲಿ ಲೇಮಾ ಗ್ಬೋವಿ ಮುಂದಾಳತ್ವದಲ್ಲಿ ಕ್ರೈಸ್ತ, ಮುಸ್ಲಿಂ ಹೆಂಗಸರು ಬಿಳಿ ಬಟ್ಟೆ ತೊಟ್ಟು ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆಯ ಹತ್ತಿರ ಕೂತರು. ಅಧ್ಯಕ್ಷ ಚಾರ್ಲ್ಸ್ ಟೇಲರ್ ಅವರ ವಾಹನಗಳು ಓಡಾಡುವ ದಾರಿ ಅದು. ಬಿಸಿಲು, ಮಳೆ ಲೆಕ್ಕಿಸದೆ ಕೂತರು. ಅವರು ಕೇಳಿದ್ದು ಇಷ್ಟೇ: ಶಾಂತಿ ಬೇಕು.

ಟೇಲರ್ ಬಂಡುಕೋರರ ಜತೆ ಮಾತುಕತೆಗೆ ಒಪ್ಪಿದರು. ಘಾನಾದ ಅಕ್ರಾದಲ್ಲಿ ಸಭೆ ಶುರುವಾಯಿತು, ಆದರೆ ವಾರಗಟ್ಟಲೆ ಎಳೆಯಿತು. ಇತ್ತ ಮನ್ರೋವಿಯಾದ ಮೇಲೆ ಶೆಲ್ ಬೀಳುತ್ತಿದ್ದವು. ಜುಲೈನಲ್ಲಿ ಒಂದು ದಿನ ಅಕ್ರಾಕ್ಕೆ ಹೋಗಿದ್ದ ಹೆಂಗಸರು ಸಭಾಂಗಣದ ಬಾಗಿಲಿಗೇ ಅಡ್ಡ ಕೂತು, ಒಪ್ಪಂದ ಆಗದೆ ಯಾರನ್ನೂ ಹೊರಗೆ ಬಿಡುವುದಿಲ್ಲ ಎಂದರು. ಭದ್ರತಾ ಸಿಬ್ಬಂದಿ ಬಂಧಿಸಲು ಬಂದಾಗ, ಗ್ಬೋವಿ ಬಟ್ಟೆ ಬಿಚ್ಚಲು ಶುರು ಮಾಡಿದರು. ತಾಯಂದಿರು ಹಾಗೆ ಮೈ ತೋರಿಸಿದರೆ ನೋಡಿದವರಿಗೆ ಶಾಪ ಎಂಬ ನಂಬಿಕೆ ಅಲ್ಲಿದೆ. ಬಂದವರು ಹಿಂದೆ ಸರಿದರು. ಆಗಸ್ಟ್ 18ರಂದು ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು.

ಬರೀ ಧರಣಿಯಿಂದಲೇ ಇದೆಲ್ಲ ಆಯಿತು ಅಂತ ನಾನು ಹೇಳುವುದಿಲ್ಲ. ಟೇಲರ್ ಮೇಲೆ ಯುದ್ಧಾಪರಾಧದ ಆರೋಪ ಹೊರಿಸಲಾಗಿತ್ತು. ಬಂಡುಕೋರರು ರಾಜಧಾನಿಗೆ ನುಗ್ಗಿದ್ದರು. ನೆರೆದೇಶಗಳ ಸೇನೆಯೂ ಬಂದಿತ್ತು. ಇವೆಲ್ಲದರ ನಡುವೆ, ಗುಂಡಿಗೆ ಸಾಯುತ್ತಿದ್ದ ಜನರ ಪರವಾಗಿ ಆ ಬಾಗಿಲಲ್ಲಿ ಕೂತವರು ಈ ಹೆಂಗಸರು.

ಕಥೆ ಹೇಳುವವರು ಜಾಸ್ತಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಆಮೇಲಿನದು. ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಆಯುಧ ವಾಪಸ್ ಪಡೆಯಲು ಶುರು ಮಾಡಿತು. ಅಂದುಕೊಂಡದ್ದಕ್ಕಿಂತ ಎಷ್ಟೋ ಪಟ್ಟು ಹೋರಾಟಗಾರರು ಬಂದರು, ಆಯುಧ ಕೊಟ್ಟರೆ ಸಿಗಬೇಕಿದ್ದ ದುಡ್ಡಿಗಾಗಿ ಗಲಾಟೆ ಎದ್ದಿತು, ಕೆಲಸವೇ ನಿಂತುಹೋಯಿತು. ಆಗ ಹೆಂಗಸರು ಆ ಹುಡುಗರ ಹತ್ತಿರ ಹೋಗಿ ಮಾತಾಡಿ ಸಮಾಧಾನ ಮಾಡಿದರು. ಯಾರು ಯಾರ ಮಗ ಅಂತ ಅವರಿಗೆ ಗೊತ್ತಿತ್ತು ಅಲ್ವಾ? ಕೊನೆಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಆ ಯೋಜನೆಯಲ್ಲಿ ಹೆಸರು ಬರೆಸಿದರು.

2005ರ ಚುನಾವಣೆಗೆ ಹೆಂಗಸರ ಹೆಸರು ಮತದಾರರ ಪಟ್ಟಿಗೆ ಸೇರಿಸಬೇಕಿತ್ತು. ಸಂತೆಯಲ್ಲಿ ವ್ಯಾಪಾರಕ್ಕೆ ಕೂತವರು ಅಂಗಡಿ ಬಿಟ್ಟು ಹೇಗೆ ಹೋಗಬೇಕು? ಧರಣಿ ಕೂತಿದ್ದ ಹೆಂಗಸರ ಸಂಘಟನೆಯವರು ಅವರ ಅಂಗಡಿ ನೋಡಿಕೊಂಡರು, ಕೂಸುಗಳನ್ನು ಎತ್ತಿಕೊಂಡರು. ಆ ಚುನಾವಣೆಯಲ್ಲಿ ಗೆದ್ದ ಎಲೆನ್ ಜಾನ್ಸನ್ ಸರ್ಲೀಫ್ ಆಫ್ರಿಕಾದ ದೇಶವೊಂದಕ್ಕೆ ಚುನಾಯಿತರಾದ ಮೊದಲ ಮಹಿಳಾ ಅಧ್ಯಕ್ಷರು. 2011ರಲ್ಲಿ ಅವರಿಗೂ ಗ್ಬೋವಿಗೂ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಹಳ್ಳಿಗಳಲ್ಲಿ ಹೆಂಗಸರು ಶಾಂತಿ ಗುಡಿಸಲು ಕಟ್ಟಿಕೊಂಡು ಜಮೀನಿನ ಜಗಳ, ಗಂಡನ ಹೊಡೆತದ ದೂರು ಕೇಳತೊಡಗಿದರು.

ನ್ಯಾಯದ ಕೆಲಸ ಮಾತ್ರ ಹಿಂದೆ ಬಿತ್ತು. ಟೇಲರ್‌ಗೆ 2012ರಲ್ಲಿ 50 ವರ್ಷ ಜೈಲಾದದ್ದು ನೆರೆಯ ಸಿಯೆರಾ ಲಿಯೋನ್‌ನಲ್ಲಿ ನಡೆದ ಅಪರಾಧಗಳಿಗೆ. ಲೈಬೀರಿಯಾದಲ್ಲೇ ವಿಶೇಷ ನ್ಯಾಯಾಲಯ ಬೇಕೆಂದು ಅಲ್ಲಿನ ಸತ್ಯಶೋಧನಾ ಆಯೋಗ 2009ರಲ್ಲೇ ಹೇಳಿತ್ತು. ಅದರ ತಯಾರಿಗೆ ಕಚೇರಿ ತೆರೆಯುವ ಆದೇಶಕ್ಕೆ ಅಧ್ಯಕ್ಷರ ಸಹಿ ಬಿದ್ದದ್ದು 2024ರಲ್ಲಿ. ಅಷ್ಟೂ ವರ್ಷ ಆ ಬೇಡಿಕೆ ಸಾಯದಂತೆ ನೋಡಿಕೊಂಡವರು ಅಲ್ಲಿನ ಸಂತ್ರಸ್ತರು ಮತ್ತು ನಾಗರಿಕ ಸಂಘಟನೆಗಳು.